ಕೊಕ್ಕೆ ಇದ್ದ ಮನೆಗೆಲ್ಲ ಕುಂಕುಮ

ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅದು ನಡೆದದ್ದು ಬುಧವಾರ ಎಂದು ನನ್ನ ನೆನಪು. ನನ್ನ ಗಂಡ ಈರಣ್ಣ ಶುಕ್ರವಾರ ಎನ್ನುತ್ತಾರೆ. ಯಾರು ಸರಿ ಎಂದು ನೋಡಲು ದಿನಚರಿ ತೆಗೆದರೆ ಆ ವಾರದ ಪುಟದಲ್ಲಿ "ಇನ್ನು ಮೇಲೆ ಮುಂದಿನ ಸಾಲನ್ನೂ ಓದಬೇಕು" ಎಂಬ ಒಂದೇ ಸಾಲಿದೆ. ದಿನಾಂಕ ಹಾಕಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಆಧಾರವಿಲ್ಲದ ಮಾತನ್ನು ನಂಬಬಾರದು ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳ ದಿನಚರಿ ಇದು!

ನನ್ನ ನೆನಪಿನ ಮೇಲೆ ನನಗಿರುವ ಈ ಅಪನಂಬಿಕೆಯೇ ಮುಂದಿನದಕ್ಕೆಲ್ಲ ಮೂಲ. ಅವತ್ತು ನಾನು ನನ್ನ ನೆನಪನ್ನು ನಂಬಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಮ್ಯಾಕ್ರೊವನ್ನು ನಂಬಿದೆ.

ಮ್ಯಾಕ್ರೊ ಎಂದರೆ ಕಂಪ್ಯೂಟರಿನ ಶೀಟಿಗೆ ನಾವು ಬರೆದಿಡುವ ಅಪ್ಪಣೆಗಳ ಸರಮಾಲೆ. ಇದನ್ನು ಹುಡುಕು, ಅದನ್ನು ಇಲ್ಲಿ ಹಾಕು, ಊರಿನ ಪ್ರಕಾರ ಬೇರೆ ಮಾಡು, ಮುದ್ರಿಸು ಎಂದು ಒಮ್ಮೆ ಬರೆದು ಗುಂಡಿ ಒತ್ತಿದರೆ ಸಾಕು, ಅದು ಎದುರು ಮಾತಾಡದೆ ಮಾಡುತ್ತದೆ. ಎದುರು ಮಾತಾಡುವುದಿಲ್ಲ ಎಂಬುದೇ ಅದರ ದೊಡ್ಡ ದೋಷ ಎಂದು ನನಗೆ ತಡವಾಗಿ ತಿಳಿಯಿತು. ಆಂಧ್ರದ ಆದೋನಿಯ ಒಂದು ಹತ್ತಿ ಮಿಲ್ಲಿನ ಆಫೀಸಿನಲ್ಲಿ ನನಗೆ ಕೆಲಸ. ಅಲ್ಲಿ ಬಂದ ಹತ್ತಿಯನ್ನು ಊರುವಾರು ವಿಂಗಡಿಸಲು ವೀಡಿಯೊ ನೋಡಿ ಒಂದು ಮ್ಯಾಕ್ರೊ ಬರೆದಿದ್ದೆ. ಅದು ಓಡಿತು. ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿ "ಪರವಾಲೇದಮ್ಮಾ" ಎಂದರು, ತೆಲುಗಿನಲ್ಲಿ ಪರವಾಗಿಲ್ಲ ಎಂದಂತೆ. ಅಷ್ಟೇ ಅಂದದ್ದು. ಆ ಅರ್ಧ ಹೊಗಳಿಕೆಯನ್ನು ತಲೆಯ ಮೇಲೆ ಹೊತ್ತುಕೊಂಡು ನಾನು ಮನೆಗೆ ಬಂದೆ.

ಮನೆಯಲ್ಲಿ ನನ್ನ ನಾದಿನಿ ಶೈಲಾಳ ಮದುವೆಯ ತಯಾರಿ ನಡೆದಿತ್ತು. ಕರೆಯಬೇಕಾದವರ ಹೆಸರುಗಳನ್ನು ಒಂದೆಡೆ ಸೇರಿಸುವ ಮಾತು ಬಂತು. ಯಾರೂ ನನ್ನನ್ನು ಕೇಳಿರಲಿಲ್ಲ. "ನಾ ಮಾಡ್ತೀನ್ರಿ ಅತ್ತಿ, ಕಂಪ್ಯೂಟರಿನ್ಯಾಗ. ಒಂದು ಹೆಸರೂ ತಪ್ಪೋದಿಲ್ಲ" ಎಂದು ನಾನೇ ಎದ್ದು ನಿಂತೆ.

ಒಂದು ಹೆಸರೂ ತಪ್ಪಲಿಲ್ಲ. ಅದು ಮಾತ್ರ ನಿಜ.

ನಮ್ಮ ಕಡೆ ಮದುವೆಗೆ ಕರೆಯುವುದರಲ್ಲಿ ದರ್ಜೆಗಳಿವೆ. ಕಾರ್ಡನ್ನು ಫೋನಿಗೆ ಕಳಿಸಿದರೆ ಸಾಕು ಎನ್ನುವವರು ಕೆಲವರು. ಮನೆಗೇ ಹೋಗಿ, ಹೊಸ್ತಿಲು ದಾಟಿ, ಮನೆಯ ಹೆಂಗಸಿಗೆ ಕುಂಕುಮ ಹಚ್ಚಿ, "ಎಲ್ಲಾರೂ ಬರಬೇಕ್ರಿ" ಎಂದು ಬಾಯಿ ಬಿಟ್ಟು ಹೇಳಬೇಕಾದವರು ಕೆಲವರು. ಈ ಎರಡನ್ನು ಅದಲು ಬದಲು ಮಾಡಿದರೆ ಒಂದು ತಲೆಮಾರು ಮಾತು ನಿಲ್ಲುತ್ತದೆ. ಅತ್ತೆ ಇದಕ್ಕೆ ತಮ್ಮದೇ ಗುರುತುಗಳನ್ನು ಇಟ್ಟುಕೊಂಡಿದ್ದರು. ಕುಂಕುಮ ಕೊಟ್ಟು ಕರೆಯಬೇಕಾದವರಿಗೆ ನಕ್ಷತ್ರದ ಗುರುತು, ಅದು ಚುಕ್ಕಿ. ಕರೆಯಬೇಕೋ ಬೇಡವೋ ಎಂದು ಇನ್ನೂ ತೀರ್ಮಾನವಾಗದವರಿಗೆ ಪ್ರಶ್ನೆ ಚಿಹ್ನೆ, ಅದು ಕೊಕ್ಕೆ. ಫೋನು ಸಾಕಾದವರಿಗೆ ಏನೂ ಇಲ್ಲ.

ಅತ್ತೆ ಮೊರದಲ್ಲಿ ಶೇಂಗಾ ಒಡೆಯುತ್ತ ಹೇಳುತ್ತಿದ್ದರು. ನಾನು ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುತ್ತಿದ್ದೆ. ನಮ್ಮ ಮನೆಯಲ್ಲಿ ಮಾತು ಕನ್ನಡ, ಓದು ತೆಲುಗು. ಆದ್ದರಿಂದ ಹೆಸರುಗಳೆಲ್ಲ ತೆಲುಗು ಅಕ್ಷರದಲ್ಲಿ.

"ನಮ್ಮ ತಮ್ಮ, ಚುಕ್ಕಿ ಹಾಕು. ಪತ್ತಿಕೊಂಡದ ದೊಡ್ಡಪ್ಪ, ಚುಕ್ಕಿ. ನಿಮ್ಮ ಮಿಲ್ಲಿನವ್ರು, ಏನೂ ಹಾಕಬ್ಯಾಡ, ಫೋನ್ ಸಾಕು."

"ಭೀಮಣ್ಣ ತಾತ?"

"ಅವ ಅದಾನೋ ಹೋದನೋ ಯಾರಿಗೊತ್ತು! ಕೊಕ್ಕಿ ಹಾಕು. ವಿಚಾರಿಸಿ ನೋಡೋಣು."

ಎಲ್ಲರೂ ನಕ್ಕೆವು. ಶೈಲಾ ತಲೆ ಬಾಚಿಕೊಳ್ಳುತ್ತಿದ್ದವಳು ಬಾಚಣಿಗೆ ಹಿಡಿದುಕೊಂಡೇ ಬಂದು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: "ಅವ್ವಾ, ಸಣ್ಣವ್ವ?"

ನಗು ನಿಂತಿತು.

ಸಣ್ಣವ್ವ ಎಂದರೆ ಉರುಕುಂದಮ್ಮ, ಅತ್ತೆಯ ಒಬ್ಬಳೇ ತಂಗಿ, ನನಗೆ ಸಣ್ಣತ್ತೆ. ಸಿ. ಬೆಳಗಲ್‌ನಲ್ಲಿ ಇರುವವರು. ನಾವು ಈಗಿರುವ ಮನೆಯ ಗೃಹಪ್ರವೇಶಕ್ಕೆ ಅತ್ತೆ ಕೆಲಸದ ಗಡಿಬಿಡಿಯಲ್ಲಿ ತಂಗಿಯನ್ನು ಫೋನಿನಲ್ಲಿ ಕರೆದರು. ಒಡಹುಟ್ಟಿದವಳಲ್ಲವೇ, ಅವಳಿಗೇನು ಕುಂಕುಮ ಎಂದುಕೊಂಡರು. "ಫೋನ್ಯಾಗ ಕರದ್ರ ಓಡಿ ಬರಾಕ ನಾನೇನು ಗ್ಯಾಸ್ ಸಿಲಿಂಡರ್‌ನವನಾ?" ಎಂದು ಆ ಕಡೆಯಿಂದ ಉತ್ತರ ಬಂತು. ಅವತ್ತಿನಿಂದ ಅಕ್ಕ ಅಲ್ಲಿಗೆ ಹೋಗಿಲ್ಲ, ತಂಗಿ ಇಲ್ಲಿಗೆ ಬಂದಿಲ್ಲ. "ಆಕಿ ಮೊದಲು ಬಂದು ಮಾತಾಡಿಸ್ಲಿ" ಎಂದು ಅತ್ತೆ. "ಆಕಿ ಮೊದಲು ಮನಿಗೆ ಬಂದು ಕರೀಲಿ" ಎಂದು ಸಣ್ಣತ್ತೆ. ಆದರೆ ಮನೆಯಲ್ಲಿ ಮೆಣಸಿನಕಾಯಿ ಬಜ್ಜಿ ಮಾಡಿದಾಗಲೆಲ್ಲ ಅತ್ತೆ ಒಂದು ಕಚ್ಚಿ, ತಟ್ಟೆ ಕೆಳಗಿಟ್ಟು, "ಉರುಕುಂದಿ ಮಾಡಿದಂಗ ಆಗಲಿಲ್ಲ" ಎನ್ನುವುದನ್ನು ಬಿಟ್ಟಿರಲಿಲ್ಲ.

ಶೈಲಾ ಚಿಕ್ಕಂದಿನ ಬೇಸಿಗೆಯನ್ನೆಲ್ಲ ಕಳೆದದ್ದು ಆ ಸಣ್ಣವ್ವನ ಮನೆಯಲ್ಲಿ. ಹಿಂದಿನ ದಿನವಷ್ಟೇ ಅವಳು ನನ್ನ ಹತ್ತಿರ, "ಸಣ್ಣವ್ವ ಬರದಿದ್ರ ನನಗ ಅರಿಶಿಣ ಯಾರು ಹಚ್ತಾರ ಅತ್ತಿಗಿ?" ಎಂದು ಕಣ್ಣೊರೆಸಿಕೊಂಡಿದ್ದಳು.

ಅತ್ತೆ ಒಂದು ಶೇಂಗಾ ಒಡೆದರು. ಒಳಗೆ ಕಾಳಿರಲಿಲ್ಲ ಎಂದು ನನಗೆ ನೆನಪು. ಇದನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು.

"ಕೊಕ್ಕಿ ಹಾಕು" ಎಂದರು.

ನಾನು ಹಾಕಿದೆ. ಹಾಕಿದ ನೆನಪು ನನಗಿತ್ತು. ಈ ವಾಕ್ಯವನ್ನು ದಯವಿಟ್ಟು ಮರೆಯಬೇಡಿ.

ಮರುದಿನ ಆಫೀಸಿಗೆ ರಜೆ ಹಾಕಿ ಮ್ಯಾಕ್ರೊ ಬರೆಯಲು ಕುಳಿತೆ. ಉದ್ದೇಶ ಸರಳ. ಚುಕ್ಕಿ ಇದ್ದಲ್ಲಿ "ಕುಂಕುಮ" ಎಂಬ ಪದ ಬರಬೇಕು, ಕೊಕ್ಕೆ ಇದ್ದಲ್ಲಿ "ವಿಚಾರ" ಎಂದು ಬರಬೇಕು, ಮೇಲೆ ಒಂದು ಚಂದದ ತಲೆಬರಹ ಇರಬೇಕು, ಊರುವಾರು ಹಾಳೆಗಳು ಹೊರಬೀಳಬೇಕು. ಗುಂಡಿ ಒತ್ತಿದೆ. ತಲೆಬರಹದ ಜಾಗದಲ್ಲಿ, ಹಾಳೆಯ ಉದ್ದಕ್ಕೂ, ಸಾಲುಗಟ್ಟಿ ಪ್ರಶ್ನೆ ಚಿಹ್ನೆಗಳು ನಿಂತಿದ್ದವು.

ಮ್ಯಾಕ್ರೊ ಬರೆಯುವ ಆ ಕಿಟಕಿಗೆ ನಮ್ಮ ಅಕ್ಷರಗಳ ಪರಿಚಯವೇ ಇಲ್ಲವಂತೆ. ಕನ್ನಡ ಇರಲಿ, ತೆಲುಗು ಇರಲಿ, ತನಗೆ ಗೊತ್ತಿಲ್ಲದ ಪ್ರತಿ ಅಕ್ಷರಕ್ಕೂ ಅದು ಒಂದೊಂದು ಪ್ರಶ್ನೆ ಚಿಹ್ನೆ ಹಾಕಿ ಕೈ ತೊಳೆದುಕೊಳ್ಳುತ್ತದೆ. ಅಷ್ಟರಲ್ಲಿ ಅತ್ತೆ ಚಹಾ ತಂದವರು ಪರದೆ ನೋಡಿದರು.

"ಇದೇನವ್ವಾ ಲಲಿತಾ! ಇಡೀ ಮದುವಿಗೇ ಕೊಕ್ಕಿ ಹಾಕಿಬಿಟ್ಟೀಯಲ್ಲ!"

"ಇಲ್ರಿ ಅತ್ತಿ, ಅದು ಕೊಕ್ಕಿ ಅಲ್ಲ, ಅಕ್ಷರ. ಕಂಪ್ಯೂಟರಿಗೆ ಓದಾಕ ಬರಲ್ಲ."

"ಓದಾಕ ಬರದಿದ್ದುದಕ್ಕ ಯಾಕ ಕೊಡ್ತೀಯವ್ವ ಬರಿಯೋ ಕೆಲಸ?"

ಅವರು ಹೋದ ಮೇಲೆ ಆ ಚಿಹ್ನೆಗಳನ್ನೆಲ್ಲ ಒಂದೇ ಏಟಿಗೆ ಅಳಿಸುವ ಅಪ್ಪಣೆ ಬರೆದೆ. ಪ್ರಶ್ನೆ ಚಿಹ್ನೆಯನ್ನು ಹುಡುಕು, ಆ ಜಾಗ ಖಾಲಿ ಮಾಡು. ಜೊತೆಗೆ, ಕರೆಂಟು ಹೋದರೆ ಗತಿಯೇನು ಎಂಬ ಮುಂಜಾಗ್ರತೆಯಿಂದ, ಕೆಲಸ ಮುಗಿದ ಕೂಡಲೇ ತಾನೇ ಸೇವ್ ಮಾಡು ಎಂದೂ ಬರೆದೆ.

ಗುಂಡಿ ಒತ್ತಿದೆ. ಪ್ರಶ್ನೆ ಚಿಹ್ನೆಗಳು ಹೋದವು. ಅವುಗಳ ಜೊತೆ ಅತ್ತೆಯ ತಮ್ಮ ಹೋದರು. ಪತ್ತಿಕೊಂಡದ ದೊಡ್ಡಪ್ಪ ಹೋದರು. ಮಿಲ್ಲಿನವರು, ಬೀಗರು, ಬೀಗರ ಬೀಗರು ಹೋದರು. ಕೋಸಗಿ ಹೋಯಿತು, ಸಿ. ಬೆಳಗಲ್ ಹೋಯಿತು. ನನ್ನ ಮುಂದೆ ಹಿಮದಂತೆ ಬೆಳ್ಳಗಿನ ಒಂದು ಶೀಟು, ಒಂದೇ ಒಂದು ಹೆಸರಿಲ್ಲದೆ, ಸೇವ್ ಆಗಿ ಕುಳಿತಿತ್ತು!

ಹುಡುಕುವ ಅಪ್ಪಣೆಯಲ್ಲಿ ಪ್ರಶ್ನೆ ಚಿಹ್ನೆ ಎಂದರೆ ಪ್ರಶ್ನೆ ಚಿಹ್ನೆಯಲ್ಲವಂತೆ. "ಯಾವುದೇ ಒಂದು ಅಕ್ಷರ" ಎಂದಂತೆ. ಯಾವುದೇ ಒಂದು ಅಕ್ಷರ ಕಂಡರೆ ಅಳಿಸು ಎಂದು ನಾನು ಹೇಳಿದ್ದೆ. ಅದು ನಿಷ್ಠೆಯಿಂದ ಒಂದೊಂದಾಗಿ ಎಲ್ಲ ಅಕ್ಷರಗಳನ್ನೂ ಅಳಿಸಿತ್ತು. ಹಿಂದಕ್ಕೆ ತರುವ ಗುಂಡಿ ಒತ್ತಿದೆ. ಮ್ಯಾಕ್ರೊ ಮಾಡಿದ್ದನ್ನು ಆ ಗುಂಡಿ ಹಿಂದಕ್ಕೆ ತರುವುದಿಲ್ಲವಂತೆ. ಇದೂ ಆಗಲೇ ತಿಳಿದದ್ದು. ನನ್ನ ವಿದ್ಯಾಭ್ಯಾಸ ಆ ಮಧ್ಯಾಹ್ನ ಭರದಿಂದ ಸಾಗಿತ್ತು.

ಒಳಗಿನಿಂದ ಅತ್ತೆಯ ದನಿ: "ಮುಗೀತೇನವ್ವಾ?"

"ಮುಗೀತ್ರಿ" ಎಂದೆ. ಸುಳ್ಳೇನಲ್ಲ.

ಪುಣ್ಯಕ್ಕೆ ಬೆಳಿಗ್ಗೆ ಈರಣ್ಣನಿಗೆ ತೋರಿಸಿ ಬೀಗಲು ಆ ಶೀಟನ್ನು ಅವರ ವಾಟ್ಸಾಪಿಗೆ ಕಳಿಸಿದ್ದೆ. ಆಫೀಸಿನಲ್ಲಿದ್ದವರಿಗೆ ಫೋನು ಮಾಡಿದೆ.

"ರೀ, ಅದನ್ನ ವಾಪಸ್ ಕಳಿಸ್ರಿ. ಜಲ್ದಿ."

"ಯಾಕ? ನಿನ್ನ ಹತ್ರ ಐತಲ್ಲ?"

"ಐತಿ. ಆದ್ರ ಅದರಾಗ ಏನೂ ಇಲ್ಲ."

ಅವರು "ನಾ ಏನೂ ಕೇಳಂಗಿಲ್ಲ" ಎಂದು ಕಳಿಸಿದರು. ಒಳ್ಳೆಯ ಗಂಡ.

ಹೆಸರುಗಳು, ಚುಕ್ಕಿಗಳು, ಕೊಕ್ಕೆಗಳು ಎಲ್ಲ ಮರಳಿ ಬಂದವು. ಈ ಸಲ ಇಂಟರ್‌ನೆಟ್ಟಿನಲ್ಲಿ ಓದಿ ಮುಂದೆ ಹೋಗೋಣ ಎಂದುಕೊಂಡೆ. ಪ್ರಶ್ನೆ ಚಿಹ್ನೆಯನ್ನೇ ಹುಡುಕಬೇಕಾದರೆ ಅದರ ಹಿಂದೆ ಹಾವಿನ ಹಾಗೆ ಸೊಟ್ಟಗಿರುವ ಒಂದು ಚಿಕ್ಕ ಗೆರೆ ಹಾಕಬೇಕು ಎಂದು ಒಂದು ಪುಟದಲ್ಲಿ ಇತ್ತು. ಹಾಕಿದೆ. ನಮ್ಮ ಅಕ್ಷರಗಳನ್ನು ಮ್ಯಾಕ್ರೊದೊಳಗೆ ಬರೆಯದೆ, ಶೀಟಿನ ಮೂಲೆಯ ಒಂದು ಚೌಕದಲ್ಲಿ ಬರೆದು ಅಲ್ಲಿಂದ ತೆಗೆದುಕೋ ಎಂದರಾಯಿತು ಎಂದು ಇತ್ತು. ಹಾಗೇ ಮಾಡಿದೆ. ನಕ್ಷತ್ರದ ಗುರುತಿಗೂ ಪ್ರಶ್ನೆ ಚಿಹ್ನೆಯ ರೋಗವೇ ಇದೆ, ಅದಕ್ಕಿಂತ ಉಲ್ಬಣವಾಗಿದೆ ಎಂದೂ ಅದೇ ಪುಟದಲ್ಲಿ, ಮುಂದಿನ ಸಾಲಿನಲ್ಲೇ ಇತ್ತು. ನಾನು ಮುಂದಿನ ಸಾಲು ಓದಲಿಲ್ಲ.

ಗುರುತುಗಳ ಕಾಲಮ್ಮಿನ ಮೇಲೆ ಮ್ಯಾಕ್ರೊ ಓಡಿಸಿದೆ. ಹೆಸರುಗಳು ಇದ್ದವು. ಊರುಗಳು ಇದ್ದವು. ಚುಕ್ಕಿಗಳು ಹೋಗಿ ಅಲ್ಲೆಲ್ಲ "ಕುಂಕುಮ" ಎಂಬ ಪದ ಮುದ್ದಾಗಿ ಕುಳಿತಿತ್ತು. ಫೋನು ಸಾಕಾದವರ ಮುಂದೆ ಖಾಲಿ ಜಾಗ, ಇರಬೇಕಾದ ಹಾಗೆಯೇ. ಹುಡುಕಿದರೂ ಒಂದೇ ಒಂದು ಕೊಕ್ಕೆ ಕಾಣಲಿಲ್ಲ. ಗೆದ್ದೆ! "ವಿಚಾರ" ಎಂಬ ಪದವೂ ಒಂದೂ ಕಾಣಲಿಲ್ಲ ಎಂಬುದನ್ನು ಮಾತ್ರ ಗೆದ್ದ ಸಂತೋಷದಲ್ಲಿ ಗಮನಿಸಲಿಲ್ಲ.

ಹಾಳೆಗಳನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಪ್ರತಿ ಸಾಲಿನ ಮೇಲೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದರು. ಸಿ. ಬೆಳಗಲ್ ಹಾಳೆಯ ಮೇಲೆ ಬೆರಳು ಒಂದು ಕಡೆ ನಿಂತಿತು. ನಿಂತಿತೇ? ಈಗ ನೆನಸಿಕೊಂಡಾಗಲೆಲ್ಲ ನಿಂತಿರುತ್ತದೆ. ಅವತ್ತು ನಿಂತಿತ್ತೋ ಇಲ್ಲವೋ ಆಣೆ ಮಾಡಿ ಹೇಳಲಾರೆ.

"ಆತು" ಎಂದು ಹಾಳೆ ಮಡಿಸಿ ಕೊಟ್ಟರು. "ಹೋಗಿ ಬರ್ರಿ. ಕುಂಕುಮ ಹೊಸಾದು ತಗೊಂಡು ಹೋಗ್ರಿ, ಹಳೇದು ಬಣ್ಣ ಬಿಟ್ಟೈತಿ."

ಮರುದಿನ ಬೆಳಿಗ್ಗೆ ಕೋಸಗಿ, ಪತ್ತಿಕೊಂಡದ ಕಡೆಗೆ ಮಾವ, ಕುಂಕುಮ ಹಚ್ಚಲು ತಮ್ಮ ತಂಗಿಯನ್ನು ಕರೆದುಕೊಂಡು ಹೊರಟರು. ಸಿ. ಬೆಳಗಲ್ ಕಡೆಗೆ ನಾವಿಬ್ಬರು, ಬೈಕಿನ ಮೇಲೆ. ಎಮ್ಮಿಗನೂರು ದಾಟಿದ ಮೇಲೆ ಒಂದು ಬೇವಿನ ಮರದ ಕೆಳಗೆ ನಿಂತು ಈರಣ್ಣ ಹಾಳೆ ಬಿಚ್ಚಿದರು. ಬಿಚ್ಚಿದವರು ಹಾಗೇ ನಿಂತರು.

"ಲಲಿತಾ, ಇಲ್ಲಿ ಸಣ್ಣವ್ವನ ಹೆಸರಿನ ಮುಂದ ಕುಂಕುಮ ಅಂತ ಐತಿ."

ಕೊಕ್ಕೆ ಹಾಕಿದ್ದು ನೆನಪಿದೆಯಲ್ಲ ನನಗೆ. ಕಾಳಿಲ್ಲದ ಶೇಂಗಾ ಸಮೇತ ನೆನಪಿದೆ. ಆದರೆ ನನ್ನ ನೆನಪಿನ ಯೋಗ್ಯತೆ ನನಗೆ ಗೊತ್ತು. ನನ್ನ ಮದುವೆಯಲ್ಲಿ ನಾನು ಉಟ್ಟ ಸೀರೆಯ ಬಣ್ಣವನ್ನು ತಪ್ಪು ಹೇಳಿ, ಫೋಟೊ ನೋಡಿ ಸುಮ್ಮನಾದವಳು ನಾನು. ಒಂದು ಕಡೆ ಇಂಥ ನೆನಪು. ಇನ್ನೊಂದು ಕಡೆ ಮುದ್ರಿತ ದಾಖಲೆ, ಅದೂ ಕಂಪ್ಯೂಟರಿನದು. ಇತಿಹಾಸದ ವಿದ್ಯಾರ್ಥಿನಿ ಯಾವುದನ್ನು ನಂಬಬೇಕು?

"ಹಂಗಾದ್ರ ಅತ್ತಿ ಚುಕ್ಕಿನೇ ಹೇಳಿರಬೇಕ್ರಿ" ಎಂದೆ.

"ಅವ್ವ ಹೇಳ್ಯಾಳಾ? ಖರೇನಾ?"

"ಮ್ಯಾಕ್ರೊ ಸುಳ್ಳು ಹೇಳಲ್ಲ. ಆಮ್ಯಾಲ ಅತ್ತಿ ಒಂದೊಂದು ಸಾಲೂ ಓದಿ ಕೊಟ್ಟಾರ."

ಈರಣ್ಣನ ಮುಖ ನೋಡಬೇಕಿತ್ತು. ಹಾಳೆಯನ್ನು ಜೇಬಿನಲ್ಲಿಟ್ಟು, ಬೈಕ್ ಸ್ಟಾರ್ಟ್ ಮಾಡಿ, ಸಿ. ಬೆಳಗಲ್ ಬರುವ ತನಕ ಏನೋ ಗುನುಗುತ್ತಲೇ ಇದ್ದರು. ನಾನು ಹಿಂದೆ ಕುಳಿತು ಕುಂಕುಮದ ಭರಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದೆ.

ಸಣ್ಣತ್ತೆ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ಬೈಕಿನ ಸದ್ದಿಗೆ ತಲೆಯೆತ್ತಿ, ನಮ್ಮನ್ನು ಗುರುತು ಹಿಡಿದು, ಮತ್ತೆ ತಲೆ ತಗ್ಗಿಸಿ ಮೆಣಸಿನಕಾಯಿ ಹರವಿದರು.

"ಯಾಕ ಬಂದ್ರಪ್ಪ ಇಷ್ಟು ದೂರ? ನಿಮ್ಮವ್ವನ ಫೋನ್ ಕೆಟ್ಟೈತೇನು?"

"ಸಣ್ಣವ್ವಾ, ಶೈಲಾನ ಮದುವಿ..." ಎಂದು ಈರಣ್ಣ ತೊದಲಿದರು.

"ಗೊತ್ತು. ಊರೆಲ್ಲಾ ಮಾತಾಡ್ತೈತಿ. ನನ್ನ ಹತ್ರ ಯಾಕ ಬಂದ್ರಿ ಅಂತ ಕೇಳಾಕತ್ತೀನಿ. ಅಡಿಗಿ ಮಾಡಾಕ ಆಳು ಸಾಲಲಿಲ್ಲೇನು?"

ನಾನು ಭರಣಿಯ ಮುಚ್ಚಳ ತೆಗೆದೆ.

ಅವರ ಕೈ ನಿಂತಿತು. ಇದು ನನಗೆ ಖಚಿತವಾಗಿ ನೆನಪಿದೆ, ಯಾರು ಬೇಕಾದರೂ ಕೇಳಲಿ. ಸೆರಗಿನಿಂದ ಕೈ ಒರೆಸಿಕೊಂಡರು, ಎದ್ದರು, ಒಳಗೆ ನಡೆದರು. ಹೊಸ್ತಿಲ ಆಚೆ ನಿಂತು ತಿರುಗಿದರು. ಅಂಗಳದಲ್ಲಲ್ಲ, ಮನೆಯೊಳಗೆ ಬಂದು ಹಚ್ಚು ಎಂದು ಅದರ ಅರ್ಥ. ನಾನು ಒಳಗೆ ಹೋಗಿ ಹಚ್ಚಿದೆ. ಕುಂಕುಮ ಸ್ವಲ್ಪ ಮೂಗಿನ ಮೇಲೂ ಬಿತ್ತು.

"ನಿಮ್ಮತ್ತಿ ಕಳಿಸ್ಯಾಳೇನು? ಇಲ್ಲ ನೀವ ಬಂದೀರೇನು?"

"ಅತ್ತಿನೇ ಕಳಿಸ್ಯಾರ್ರಿ. ಇಲ್ಲಿ ನೋಡ್ರಿ, ಅಚ್ಚು ಹಾಕ್ಸ್ಯಾರ."

ಹಾಳೆ ಇಸಿದುಕೊಂಡು ತಮ್ಮ ಹೆಸರನ್ನೂ ಅದರ ಮುಂದಿನ ಪದವನ್ನೂ ಬಹಳ ಹೊತ್ತು ನೋಡಿದರು. ಆಮೇಲೆ, "ಉಗ್ಗಾನಿ ಮಾಡ್ತೀನಿ, ತಿಂದು ಹೋಗ್ರಿ. ಬಜ್ಜಿನೂ ಹಾಕ್ತೀನಿ. ನಿಮ್ಮ ಮನ್ಯಾಗ ಬಜ್ಜಿ ಅಂತ ಏನು ತಿಂತೀರೋ ನನಗ ಗೊತ್ತೈತಿ" ಎಂದರು.

ಮಂಡಕ್ಕಿಯ ಉಗ್ಗಾನಿಯನ್ನೂ ಬಜ್ಜಿಯನ್ನೂ ಹೊಟ್ಟೆ ತುಂಬ ತಿಂದು, ಮುಂದಿನ ಹೆಸರಿನ ಮನೆಗೆ ಹೋದೆವು. ಅದು ದಾರಿಯಲ್ಲಿದ್ದ ಒಂದು ಹಳ್ಳಿಯಲ್ಲಿ. ಕಟ್ಟೆಯ ಮೇಲೆ ಕಂಬಳಿ ಹೊದ್ದ ಒಬ್ಬ ಮುದುಕ ಕುಳಿತು ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದ.

"ಭೀಮಣ್ಣ ತಾತನ ಮನಿ ಇದೇ ಏನ್ರಿ?"

"ನಾನ ಭೀಮಣ್ಣ."

ನಾವು ವಿಷಯ ಹೇಳಿದೆವು. ತಾತ ಹಲ್ಲಿಲ್ಲದ ಬಾಯಿ ತುಂಬ ನಕ್ಕ. "ಸರೇಲೇ, ಬರ್ತೀನಿ. ಆದ್ರ ಒಂದು ಮಾತು. ನಾ ಇನ್ನೂ ಅದೀನಿ ಅಂತ ನಿಮಗ ಯಾರು ಹೇಳಿದ್ರು?"

ನಾನು ಈರಣ್ಣನ ಕೈಯಿಂದ ಹಾಳೆ ಇಸಿದುಕೊಂಡು ನೋಡಿದೆ.

ಭೀಮಣ್ಣ ತಾತನಿಗೆ ಕೊಕ್ಕೆ ಹಾಕಿದ್ದಕ್ಕೆ ಸಾಕ್ಷಿಗಳಿದ್ದಾರೆ. ಎಲ್ಲರೂ ನಕ್ಕಿದ್ದೆವು. ಶೈಲಾ ಬಾಚಣಿಗೆ ಹಿಡಿದುಕೊಂಡು ಬಂದು ನಕ್ಕಿದ್ದಳು. ಇದು ನನ್ನೊಬ್ಬಳ ನೆನಪಲ್ಲ. ಹಾಗಿದ್ದರೆ ಈತನ ಮುಂದೆ ಕುಂಕುಮ ಹೇಗೆ ಬಂತು? ಈತನ ಮುಂದೆ ಹಾಗೇ ಬಂದಿದ್ದರೆ ಸಣ್ಣತ್ತೆಯ ಮುಂದೆ...

ಎಮ್ಮಿಗನೂರಿನ ಚಹಾದಂಗಡಿಯಲ್ಲಿ ಈರಣ್ಣನ ಫೋನು ಕಸಿದುಕೊಂಡು ಹಳೆಯ ಶೀಟು ತೆರೆದೆ. ಉರುಕುಂದಮ್ಮ: ಕೊಕ್ಕೆ. ಭೀಮಣ್ಣ: ಕೊಕ್ಕೆ. ಓದದೆ ಬಿಟ್ಟ ಆ ಮುಂದಿನ ಸಾಲನ್ನು ಆಗ ಹುಡುಕಿ ಓದಿದೆ. ಹುಡುಕುವ ಅಪ್ಪಣೆಯಲ್ಲಿ ನಕ್ಷತ್ರ ಎಂದರೆ ನಕ್ಷತ್ರವಲ್ಲ. "ಏನಿದ್ದರೂ ಸರಿ" ಎಂದಂತೆ! ಏನೇ ಗುರುತಿದ್ದರೂ ಸರಿ, ಅಲ್ಲಿ ಕುಂಕುಮ ಎಂದು ಬರೆ ಎಂದು ನಾನು ಅಪ್ಪಣೆ ಕೊಟ್ಟಿದ್ದೆ. ಚುಕ್ಕಿಯೂ ಕುಂಕುಮವಾಯಿತು, ಕೊಕ್ಕೆಯೂ ಕುಂಕುಮವಾಯಿತು. ನಮ್ಮ ವಂಶದಲ್ಲಿ ಅನುಮಾನಕ್ಕೆ ಒಳಗಾದ ಪ್ರತಿಯೊಬ್ಬ ನೆಂಟನ ಮನೆಗೂ ನಾನು ಸಕಲ ಮರ್ಯಾದೆಯೊಂದಿಗೆ ದಂಡಯಾತ್ರೆ ಕಳಿಸಿದ್ದೆ.

ಚಹಾದಲ್ಲಿ ಬಿದ್ದ ನೊಣದ ಹಾಗೆ ನಾನು ಕುಳಿತಲ್ಲೇ ಕುಳಿತೆ.

"ರೀ, ಅತ್ತಿ ಚುಕ್ಕಿ ಹೇಳಿರಲಿಲ್ಲ. ಕೊಕ್ಕಿ. ನಾ ಹಾಕಿದ್ದು ಕೊಕ್ಕಿ."

ಈರಣ್ಣ ಲೋಟ ಕೆಳಗಿಟ್ಟರು. "ಅಂದ್ರ ಅವ್ವಗ ಗೊತ್ತಿಲ್ಲ?"

"ಗೊತ್ತಿಲ್ಲ."

"ಅವ್ವ ಮೊದಲು ತಲಿ ಬಗ್ಗಿಸಿದಂಗಾತಲ್ಲ ಇದು! ಆಕಿ ಸುಮ್ಮನಿರ್ತಾಳೇನು?"

"ಈಗ ಹೋಗಿ ಸಣ್ಣತ್ತಿಗೆ ಹೇಳೋಣೇನ್ರಿ, ತಪ್ಪಾಗೈತಿ ಅಂತ?"

"ಏನಂತ ಹೇಳ್ತೀ? ಕುಂಕುಮ ವಾಪಸ್ ಕೊಡ್ರಿ ಅಂತಿಯೇನು? ಬಜ್ಜಿ ತಿಂದೀವಿ, ಅದನ್ನೂ ವಾಪಸ್ ಕೊಡ್ತೀಯೇನು?"

ಆದೋನಿ ಬರುವ ತನಕ ನಾನು ಮನಸ್ಸಿನಲ್ಲಿ ಎರಡು ಮನೆಗಳ ಬಾಗಿಲು ಮುಚ್ಚುವುದನ್ನು ನೋಡುತ್ತಿದ್ದೆ. ಅತ್ತೆ ತಂಗಿಗೆ, ನಾ ಕರೆದಿಲ್ಲ ಎನ್ನುತ್ತಾರೆ. ಹಣೆಗೆ ಕುಂಕುಮ ಹಚ್ಚಿಸಿಕೊಂಡ ಮೇಲೆ ಆ ಮಾತು ಕೇಳಿದರೆ ಸಣ್ಣತ್ತೆ ಈ ಜನ್ಮದಲ್ಲಿ ಮತ್ತೆ ಮುಖ ನೋಡುವುದಿಲ್ಲ. ಶೈಲಾಳ ಅರಿಶಿಣ ಬಟ್ಟಲಲ್ಲೇ ಒಣಗುತ್ತದೆ. ಇಷ್ಟಕ್ಕೂ ಕಾರಣ, ಒಂದು ನಕ್ಷತ್ರದ ಹಿಂದೆ ನಾನು ಹಾಕದೆ ಬಿಟ್ಟ ಒಂದು ಸೊಟ್ಟ ಗೆರೆ!

ಮನೆಗೆ ಬಂದರೆ ಮಾವ ಆಗಲೇ ಬಂದು ಪಡಸಾಲೆಯಲ್ಲಿ ಕುಳಿತಿದ್ದರು.

"ಏನವ್ವಾ, ನಿನ್ನ ಕಂಪ್ಯೂಟರ್ ಹೇಳ್ತು ಅಂತ ನನಗ ಕುಂಟೆತ್ತು ಮಾರಿದ ಆ ಮನುಷ್ಯನ ಮನಿಗೂ ಹೋಗಿಬಂದೆ! ಮುಖಾನೇ ನೋಡಬಾರದು ಅಂತಿದ್ದೆ. ಚಹಾ ಕೊಟ್ಟ. ಕೊಟ್ಟು, ಎತ್ತು ಹೆಂಗೈತಿ ಅಂತ ಕೇಳ್ದ!"

"ನೀವೇನಂದ್ರಿ ಮಾವಾ?"

"ಆರಾಮ ಐತಿ ಅಂದೆ. ಏನನ್ನಲಿ? ಅವರ ಮನಿ ಚಹಾ ಕೈಯಾಗಿತ್ತು."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಬಂದು ನಿಂತರು. ಮುಚ್ಚಿಟ್ಟರೆ ಇನ್ನೂ ದೊಡ್ಡದಾಗುತ್ತದೆ ಎಂದು ಹೆದರಿ ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ನಕ್ಷತ್ರ, ಪ್ರಶ್ನೆ ಚಿಹ್ನೆ, ಸೊಟ್ಟ ಗೆರೆ, ಓದದ ಸಾಲು, ಯಾವುದನ್ನೂ ಬಿಡಲಿಲ್ಲ.

"ಕಂಪ್ಯೂಟರಿನ್ಯಾಗ ಚುಕ್ಕಿ ಅಂದ್ರ ಎಲ್ಲಾ ಅಂತ ಅರ್ಥ ಆಗ್ತೈತಿ ಅತ್ತಿ. ಅದಕ್ಕ ಕೊಕ್ಕಿ ಇದ್ದವರಿಗೂ ಕುಂಕುಮ ಬಂದುಬಿಡ್ತು. ಸಣ್ಣತ್ತಿಗೂ... ಹಚ್ಚಿಬಂದೆ."

ಈರಣ್ಣ ಗೋಡೆಯ ಮೇಲಿನ ಕ್ಯಾಲೆಂಡರನ್ನು ತೀವ್ರ ಆಸಕ್ತಿಯಿಂದ ಓದತೊಡಗಿದರು. ಅತ್ತೆ ನನ್ನನ್ನು ನೋಡುತ್ತಲೇ ಇದ್ದರು.

"ಬಜ್ಜಿ ಮಾಡಿದ್ಲೇನು?"

"ಹ್ಞೂಂ ರಿ."

"ಎಣ್ಣಿ ಜಾಸ್ತಿ ಹಾಕಿರ್ತಾಳ" ಎಂದು ಒಳಗೆ ಹೋದರು.

ಅಷ್ಟೇ! ಬೈಗುಳ ಬಂದಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಮದುವೆಯ ತನಕ ನಾನು ಆ ಒಂದು ವಾಕ್ಯವನ್ನು ತಿರುವಿ ತಿರುವಿ ನೋಡಿದೆ. ಎಣ್ಣೆ ಜಾಸ್ತಿ ಎಂದರೆ ಸಿಟ್ಟೋ, ಸಮ್ಮತಿಯೋ? ಅತ್ತೆ ತಂಗಿಗೆ ಫೋನು ಮಾಡಿ ಬರಬೇಡ ಎಂದರೇ? ಅವರು ಫೋನು ಕೈಗೆತ್ತಿಕೊಂಡಾಗಲೆಲ್ಲ ನಾನು ಏನೋ ಒಂದು ನೆವ ಮಾಡಿ ಹತ್ತಿರ ಸುಳಿಯುತ್ತಿದ್ದೆ. "ಏನು ಬೇಕವ್ವಾ?" ಎನ್ನುತ್ತಿದ್ದರು. "ಉಪ್ಪು" ಎನ್ನುತ್ತಿದ್ದೆ. ಆ ದಿನಗಳಲ್ಲಿ ನನ್ನ ಕೋಣೆಯಲ್ಲಿ ಸಾಕಷ್ಟು ಉಪ್ಪು ಸಂಗ್ರಹವಾಯಿತು.

ಅರಿಶಿಣದ ದಿನ ಬೆಳಿಗ್ಗೆ ಒಂದು ಆಟೊ ಬಂದು ನಿಂತಿತು. ಸಣ್ಣತ್ತೆ ಇಳಿದರು. ಗೇಟಿನ ಒಳಗೆ ಕಾಲಿಡಲಿಲ್ಲ. ಕಂಕುಳಲ್ಲಿ ಸೀರೆಯ ಗಂಟು ಹಿಡಿದು, ಮನೆಯ ಕಡೆ ನೋಡುತ್ತ ನಿಂತರು. ಅಂಗಳದಲ್ಲಿ ಇದ್ದವರೆಲ್ಲ ಕೈಯಲ್ಲಿದ್ದುದನ್ನು ಕೈಯಲ್ಲೇ ಹಿಡಿದು ನಿಂತರು.

ಅತ್ತೆ ಹೊರಗೆ ಬಂದರು. ಕೈಯಲ್ಲಿ ಕಾಲು ತೊಳೆಯಲು ನೀರಿನ ತಂಬಿಗೆ. ಗೇಟಿನ ತನಕ ಹೋಗಿ ನಿಂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಇಷ್ಟೊತ್ತಿಗೇನ ಬರೋದು?" ಎಂದರು ಅತ್ತೆ. "ಅರಿಶಿಣ ಕಲಸೋರು ಯಾರು?"

"ನಿನಗ ಕಲಸಾಕ ಬರದಿದ್ರ ನಾ ಏನು ಮಾಡಲಿ?"

"ಬಜ್ಜಿಗೆ ಎಣ್ಣಿ ಕಡಿಮಿ ಹಾಕು ಅಂತ ಹೇಳಿದ್ರ ಕೇಳಂಗಿಲ್ಲ ನೀನು. ನೋಡು, ಹೆಂಗ ದಪ್ಪಾಗೀಯ!"

"ನೀ ಭಾಳ ಸಣ್ಣಾಗೀಯಲ್ಲ!"

ನೀರು ಕಾಲಿನ ಮೇಲೆ ಬಿತ್ತು. ಜಗಳ ಗೇಟಿನಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ಹೋಯಿತು. ಮದುವೆ ಮುಗಿಯುವ ತನಕ ನಿಲ್ಲಲಿಲ್ಲ. ಶೈಲಾಳ ಕೆನ್ನೆಗೆ ಮೊದಲ ಅರಿಶಿಣ ಹಚ್ಚಿದ್ದು ಸಣ್ಣತ್ತೆಯೇ. ಭೀಮಣ್ಣ ತಾತ ಕುರಿಮರಿಯ ಜೊತೆಯಲ್ಲೇ ಬಂದಿದ್ದ. ಎತ್ತು ಮಾರಿದ ಮನುಷ್ಯ ಮಾವನ ಪಕ್ಕದಲ್ಲೇ ಊಟಕ್ಕೆ ಕುಳಿತು ಇನ್ನೊಂದು ಎತ್ತಿನ ಮಾತು ತೆಗೆದಿದ್ದ.

ಎಲ್ಲ ಚೆನ್ನಾಯಿತಲ್ಲ, ಇನ್ನೇನು ಎಂದು ಈರಣ್ಣ ಕೇಳುತ್ತಾರೆ. ನೆಂಟರ ನಡುವೆ ನನಗೆ ಹೆಸರೂ ಬಂತು. "ಲಲಿತಾನ ತಪ್ಪಿನಿಂದ ಅಕ್ಕ ತಂಗಿ ಒಂದಾದ್ರು" ಎಂದು ಹೇಳಿಕೊಂಡರು. ಸ್ವಲ್ಪ ದಿನ ನಾನೂ ಅದನ್ನು ನಂಬಿ ಬೀಗಿದೆ. ಮಹಾ ತಪ್ಪು ಮಾಡಿದವಳು ಎಂಬ ಬಿರುದೂ ಬಿರುದೇ ತಾನೇ. ಆದರೆ ಆ ಬೆರಳು ನನ್ನನ್ನು ಬಿಡಲೊಲ್ಲದು. ಪ್ರತಿ ಸಾಲನ್ನೂ ತುಟಿ ಅಲ್ಲಾಡಿಸಿ ಓದುವ ಹೆಂಗಸು, ಕುಂಕುಮದ ಬಣ್ಣ ಬಿಟ್ಟದ್ದನ್ನೂ ಗಮನಿಸುವ ಹೆಂಗಸು, ಸ್ವಂತ ತಂಗಿಯ ಹೆಸರಿನ ಸಾಲನ್ನು ನೋಡದೆ ದಾಟಿದರೇ? ನೋಡಿ ಸುಮ್ಮನಿದ್ದರೆ ನನ್ನ ಪಾಲಿಗೆ ಉಳಿದದ್ದೇನು? ಮ್ಯಾಕ್ರೊ ಸರಿಯಾಗಿ ಬರೆಯಲೂ ಬಾರದೆ, ನೆಟ್ಟಗೆ ಒಂದು ತಪ್ಪು ಮಾಡಿದೆ ಎಂದು ಹೇಳಿಕೊಳ್ಳಲೂ ಆಗದೆ, ಬರೀ ಪ್ರಿಂಟರಿಗೆ ಹಾಳೆ ಹಾಕಿಕೊಟ್ಟವಳು!

ಕೊನೆಗೆ ಇವತ್ತು, ಅತ್ತೆ ಮೊರ ಹಿಡಿದು ಕುಳಿತಿದ್ದಾಗ ಕೇಳಿಯೇಬಿಟ್ಟೆ. "ಹಾಲು ಉಕ್ಕಾಕತ್ತೈತಿ ನೋಡು" ಎಂದರು. ಓಡಿದೆ. ಒಲೆ ಹಚ್ಚಿರಲೇ ಇಲ್ಲ. ವಾಪಸು ಬಂದು, ಎದುರಿಗೆ ಕುಳಿತು, ಅದೇ ಮಾತನ್ನು ಮತ್ತೆ ಕೇಳಿದೆ. ಅವರು ಶೇಂಗಾ ಒಡೆಯುತ್ತಿದ್ದಾರೆ. ನಾನು ಇನ್ನೂ ಕಾಯುತ್ತಿದ್ದೇನೆ.

"ಅತ್ತಿ, ಅವತ್ತು ಹಾಳಿ ಓದುವಾಗ ಸಣ್ಣತ್ತಿ ಹೆಸರಿನ ಮುಂದ ಕುಂಕುಮ ಅಂತ ಇದ್ದದ್ದು ನೋಡಿದ್ರೋ ಇಲ್ಲೋ?"